ಕಣ್ಣು ಕಟ್ಟಿ ನೋಡಿದ್ದೇನೆ

ಬೆಳಗಿನ ಒಂಬತ್ತಕ್ಕೆ ಮೊರೆನಾ ಆ ಪತ್ರವನ್ನು ಮೂರನೆಯ ಸಲ ಓದಿದಳು. ಹೊರಗೆ ಬೂರಾ ಗಾಳಿ ಬೆಟ್ಟದಿಂದ ಇಳಿದು ರಿಯೇಕಾ ಬಂದರಿನ ದೋಣಿಗಳನ್ನೆಲ್ಲ ಅಲ್ಲಾಡಿಸುತ್ತಿತ್ತು. ಮೀನು ಮಾರುಕಟ್ಟೆಯ ಹಿಂದಿನ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಆಫೀಸು. ಬೂರಾ ಬೀಸುವ ದಿನ ಅದರ ಕಿಟಕಿಗಳು ಮಾತಾಡಲು ಬಿಡುವುದಿಲ್ಲ. ಎದುರಿನ ಮೇಜಿನ ಲಿವಿಯೊ ಕಾಫಿ ಕಲಕುತ್ತ ಅವಳ ಮುಖ ನೋಡಿದ.

"ಏನಮ್ಮಾ, ದೆವ್ವ ಬಡಿದವರ ಹಾಗೆ ಕೂತಿದ್ದೀಯಾ? ಮತ್ತೆ ಯಾರಾದ್ರೂ ಬೂದು ಬಣ್ಣದ ಮೇಲೆ ಬೂದು ಅಕ್ಷರ ಬರೆದ್ರಾ?"

ಮೊರೆನಾ ಪತ್ರವನ್ನು ಮತ್ತೆ ಮೇಲಿನಿಂದ ಓದತೊಡಗಿದಳು.

ಪತ್ರ ಬಂದದ್ದು ಕಟ್ಟೆಗೆ. ಕಟ್ಟೆಯೆಂದರೆ ಇಮೇಲ್ ಗುಂಪು, ಅಷ್ಟೆ. ಆದರೆ ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ವೆಬ್‌ಸೈಟು, ಆ್ಯಪು ಒಗ್ಗುವಂತೆ ಮಾಡುವ ಕೆಲಸದವರೆಲ್ಲ, ಝಾಗ್ರೆಬಿನಿಂದ ಸ್ಕೋಪ್ಯೆವರೆಗೆ, ಅನುಮಾನ ಬಂದಾಗ ಬಂದು ಕೂರುವುದು ಅಲ್ಲಿಯೇ. ಯುರೋಪಿನ ಕಾನೂನಿದೆ, ದಪ್ಪ ದಪ್ಪ ನಿಯಮಗಳಿವೆ, ಗುಂಡಿ ಒತ್ತಿದರೆ ಹಸಿರು ಗುರುತು ಕೊಡುವ ತಪಾಸಣೆ ಯಂತ್ರಗಳೂ ಇವೆ. ಅವನ್ನೆಲ್ಲ ಓದಿ ತಲೆ ಕೆಟ್ಟವರು ಕೊನೆಗೆ ಕಟ್ಟೆಯಲ್ಲಿ ಕೇಳುತ್ತಾರೆ: ಅದಿರಲಿ ಮಾರಾಯರೇ, ನಿಜವಾಗಿ ಮಾಡುವುದು ಹೇಗೆ?

ಕಟ್ಟೆಗೆ ಒಂದು ಪದ್ಧತಿಯಿತ್ತು. ಉತ್ತರ ಕೊಡುವವರು ಮೊದಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ದನಿಯೊಂದನ್ನೇ ನಂಬಿ, ತಮ್ಮ ಉಪಾಯವನ್ನು ಪರೀಕ್ಷಿಸಬೇಕು. ಆಮೇಲೆ ಉತ್ತರದ ಕೊನೆಗೆ 'ಕಣ್ಣು ಕಟ್ಟಿ ನೋಡಿದ್ದೇನೆ' ಎಂದು ಬರೆಯಬೇಕು. ಆ ಮೂರು ಮಾತಿಲ್ಲದ ಉತ್ತರವನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. ಇದ್ದ ಉತ್ತರವನ್ನು ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ.

ಪತ್ರ ಹೀಗಿತ್ತು:

'ನಮಸ್ಕಾರ. ನಾನು ಝಾದರಿನಿಂದ ತಿಹಾನಾ. ಸಕ್ಕರೆ ಕಾಯಿಲೆಯವರಿಗಾಗಿ ನಾವೊಂದು ಆ್ಯಪ್ ಮಾಡಿದ್ದೇವೆ. ತೋಳಿಗೆ ಅಂಟಿಸಿದ ಬಿಲ್ಲೆ ರಕ್ತದ ಸಕ್ಕರೆಯನ್ನು ಅಳೆದು ಫೋನಿಗೆ ಕಳಿಸುತ್ತದೆ. ತೀರಾ ಏರಿದರೂ ತೀರಾ ಇಳಿದರೂ ಗಂಟೆ ಹೊಡೆದು, ಏನಾಗಿದೆ ಎಂಬುದನ್ನು ಎಂಟು ಸೆಕೆಂಡು ಬರಹದಲ್ಲಿ ತೋರಿಸುತ್ತದೆ. ಅಂಧರಿಗೆ ಅದನ್ನು ಓದಿ ಹೇಳಿಸಲು ಮೊರೆನಾ ಅವರು ಏಳು ವರ್ಷದ ಹಿಂದೆ ಇಲ್ಲಿ ಕೊಟ್ಟ ಉತ್ತರವನ್ನೇ ಅನುಸರಿಸಿದ್ದೇವೆ. ಈಗ ರಿಯೇಕಾದ ವೃದ್ಧರೊಬ್ಬರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು, ಗಂಟೆ ಕೇಳುತ್ತದೆ ಮಾತು ಕೇಳುವುದಿಲ್ಲ ಎಂದು ದೂರಿದ್ದಾರೆ. ತಮ್ಮ ಕಿವಿಯೇ ಹೋಗಿರಬೇಕು, ದನಿ ಜೋರು ಮಾಡಿ ಎಂದು ಅವರೇ ಬರೆದಿದ್ದಾರೆ. ತಪಾಸಣೆಯಲ್ಲಿ ಎಲ್ಲ ಹಸಿರು. ಉತ್ತರದ ಕೆಳಗೂ ಕಣ್ಣು ಕಟ್ಟಿ ನೋಡಿದ್ದೇನೆ ಎಂದಿದೆ. ಹಾಗಾಗಿ ತಪ್ಪು ನಮ್ಮದಲ್ಲ ಎಂದು ಅವರಿಗೆ ತಿಳಿಸಬಹುದಲ್ಲವೇ? ಇಂದು ಬೆಳಗಿನಿಂದ ಅವರು ಫೋನ್ ತೆಗೆಯುತ್ತಿಲ್ಲ.'

ರಿಯೇಕಾದಲ್ಲಿ ಎಕ್ಸ್‌ಚೇಂಜಿನಿಂದ ನಿವೃತ್ತನಾದ, ಕಣ್ಣಿಲ್ಲದ, ಸಕ್ಕರೆ ಕಾಯಿಲೆಯ ಮುದುಕ ಮೊರೆನಾಗೆ ತಿಳಿದಂತೆ ಒಬ್ಬನೇ. ಬಾರ್ತೊಲ್ ಸುಪೆರಿನಾ. ಊರಿನವರು ಹಿರಿಯರನ್ನು ಕರೆಯುವ ಹಾಗೆ ಅವಳೂ ಅವನನ್ನು 'ಬಾರ್ಬ' ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಹಡಗು ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವನು. ಈ ಕೆಲಸವನ್ನು ಅವಳಿಗೆ ಕಲಿಸಿದವನು. ಕಣ್ಣು ಕಟ್ಟುವ ಪದ್ಧತಿಯೂ ಅವನದೇ. "ನೀವೆಲ್ಲ ಕಣ್ಣಿಂದ ಕೇಳಿಸ್ಕೊಳ್ತೀರಿ ಕಣ್ರೋ," ಎಂದು ಬೈದು, ತೀರಿಹೋದ ತನ್ನ ತಾಯಿಯ ಕಪ್ಪು ತಲೆವಸ್ತ್ರವನ್ನು ತಂದು ಆಫೀಸಿನ ಗೂಟಕ್ಕೆ ನೇತುಹಾಕಿದ್ದ. ಅದು ಈಗಲೂ ಅಲ್ಲೇ ನೇತಾಡುತ್ತಿತ್ತು. ಮೊರೆನಾ ಅದನ್ನು ನೋಡಿದಳು, ಮತ್ತೆ ನೋಡಲಾಗಲಿಲ್ಲ.

ಏಕೆಂದರೆ ಏಳು ವರ್ಷದ ಹಿಂದೆ, ಆ ಉತ್ತರ ಬರೆದ ದಿನ, ಅವಳು ಕಣ್ಣು ಕಟ್ಟಿರಲಿಲ್ಲ.

ಅಂದು ಮಧ್ಯಾಹ್ನ ಚಿಕ್ಕಪ್ಪನ ಮಗಳ ಮದುವೆ. ಬೆಳಿಗ್ಗೆಯೇ ಪಾರ್ಲರಿಗೆ ಹೋಗಿ ಕಣ್ಣಿಗೆ ಬಣ್ಣ, ಕಾಡಿಗೆ ಎಲ್ಲ ಹಚ್ಚಿಸಿಕೊಂಡು ಬಂದಿದ್ದಳು. ಬಟ್ಟೆ ಕಟ್ಟಿದರೆ ಎಲ್ಲ ಕಲಸಿ ಹೋಗುತ್ತಿತ್ತು. ಸಿನಿಮಾ ಟಿಕೆಟ್ ಮಾರುವ ಯಾರೋ ಅವಸರದಲ್ಲಿ ಕೇಳಿದ್ದರು: ನಮ್ಮ ಸೂಚನೆಗಳು ನಡುವೆ ಬಾಯಿ ಹಾಕಿ ಓದುವ ದನಿಯ ಮಾತನ್ನು ಕತ್ತರಿಸುತ್ತವೆ, ಜನ ರೇಗುತ್ತಾರೆ, ಏನು ಮಾಡುವುದು? ಮೊರೆನಾ ಬರೆದಳು: ಓದುವ ದನಿಗೆ 'ಈಗಿನ ಮಾತು ಮುಗಿಸಿ ಆಮೇಲೆ ಇದನ್ನು ಹೇಳು' ಎಂದು ಆಜ್ಞೆ ಕೊಡಿ, ಎಲ್ಲ ಬಗೆಯ ಸೂಚನೆಗೂ ಇದೇ ಸರಿ. ಕಣ್ಣು ಬಿಟ್ಟುಕೊಂಡೇ ಒಂದು ಸಲ ನೋಡಿದಳು. ಸೂಚನೆ ಪರದೆಯ ಮೇಲೆ ಕಂಡಿತು. ಕಂಡದ್ದನ್ನೇ ಕೇಳಿಸಿತು ಎಂದುಕೊಂಡಳು. ಆ ಮೂರು ಮಾತು ಬರೆದು ಮದುವೆಗೆ ಓಡಿದಳು. ಕಾಡಿಗೆಗಾಗಿ ಹೇಳಿದ ಸುಳ್ಳು ಅದು, ಬೇರೇನೂ ಅಲ್ಲ.

ಮಾತು ಮುಗಿಯುವವರೆಗೆ ಕಾಯುವ ಸೂಚನೆ ಎಂಟೇ ಸೆಕೆಂಡಿನಲ್ಲಿ ಅಳಿಸಿಹೋದರೆ? ದನಿ ಅಷ್ಟು ಹೊತ್ತೂ ಬೇರೇನನ್ನೋ ಓದುತ್ತಿದ್ದರೆ? ಸೂಚನೆಯ ಸರದಿ ಬರುವುದೇ ಇಲ್ಲ. ಗಂಟೆ ಮಾತ್ರ ಹೊಡೆಯುತ್ತದೆ. ಏರಿದರೂ ಅದೇ ಗಂಟೆ, ಇಳಿದರೂ ಅದೇ ಗಂಟೆ. ಇಳಿದಿದ್ದಾಗ ಏರಿದೆ ಎಂದುಕೊಂಡು ಇನ್ಸುಲಿನ್ ಚುಚ್ಚಿಕೊಂಡರೆ ಮನುಷ್ಯ ಉಳಿಯುವುದಿಲ್ಲ.

ಅವಳು ಬಾರ್ತೊಲನಿಗೆ ಫೋನ್ ಮಾಡಿದಳು. ಹೊಡೆಯಿತು, ಹೊಡೆಯಿತು, ನಿಂತಿತು. ಮತ್ತೆ ಮಾಡಿದಳು. ಮೊದಲ ಗಂಟೆ ಮುಗಿಯುವುದರೊಳಗೆ "ಲೈನಲ್ಲಿದ್ದೇನೆ, ಹೇಳಿ" ಎನ್ನುವ ಮನುಷ್ಯ ಅವನು.

"ಲಿವಿಯೊ, ಆಂಬುಲೆನ್ಸಿಗೆ ಫೋನ್ ಮಾಡು. ಬಾರ್ಬ ಬಾರ್ತೊಲ್ ಮನೆಗೆ. ತ್ರ್ಸಾತ್ ಗುಡ್ಡದ ಮೇಲೆ, ಚರ್ಚಿನ ಹಿಂದಿನ ಗಲ್ಲಿ. ಸಕ್ಕರೆ ಇಳಿದಿರಬಹುದು ಅಂತ ಹೇಳು."

"ಇಳಿದಿರಬಹುದು ಅಂದ್ರೆ? ಯಾರು ಹೇಳಿದ್ರು ನಿಂಗೆ?"

"ನಾನೇ ಕಣೋ ಮಾಡಿದ್ದು! ಮೊದಲು ಫೋನ್ ಮಾಡು!"

ಲಿವಿಯೊ ಹದಿನಾರು ವರ್ಷದಲ್ಲಿ ಅವಳು ಕಿರುಚಿದ್ದನ್ನು ಕೇಳಿರಲಿಲ್ಲ. ಅವನು ಫೋನ್ ಎತ್ತಿದ. ಅವಳು ಕೋಟಿನ ಒಂದೇ ತೋಳು ಹಾಕಿಕೊಂಡು ಕೆಳಗಿಳಿದಳು.

ಬಸ್ಸು ನಿಂತಿತ್ತು. ಮೇಲಿನ ರಸ್ತೆಗೆ ಮರ ಬಿದ್ದಿದೆ ಎಂದು ಚಾಲಕ ಸಿಗರೇಟು ಸೇದುತ್ತ ಹೇಳಿದ, ಮರವನ್ನು ಅವಳೇ ಬೀಳಿಸಿದ ಹಾಗೆ. ಆಂಬುಲೆನ್ಸೂ ಸುತ್ತು ಹಾಕಿ ಬರಬೇಕು ಎಂದು ಲಿವಿಯೊನ ಸಂದೇಶ ಬಂತು. ಉಳಿದದ್ದು ಮೆಟ್ಟಿಲುಗಳ ದಾರಿ. ಹರಕೆ ಹೊತ್ತವರು ಮಂಡಿಯೂರಿಕೊಂಡು ಹತ್ತುವ ಐನೂರಕ್ಕೂ ಹೆಚ್ಚು ಮೆಟ್ಟಿಲು. ಮೊರೆನಾ ಓಡಿದಳು.

ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಿತ್ತು. ಜೇಬಿನಲ್ಲಿ ಫೋನು ಗುರುಗುಟ್ಟಿತು. ಬಾರ್ಬ ಇರಬೇಕು ಎಂದು ಎಳೆದು ನೋಡಿದರೆ, ಕಟ್ಟೆ. ಲ್ಯುಬ್ಲ್ಯಾನಾದವನೊಬ್ಬ ತಿಹಾನಾಗೆ ಉತ್ತರಿಸಿದ್ದ: 'ಮೊರೆನಾ ಹೇಳಿದ್ದರೆ ಕಣ್ಣು ಮುಚ್ಚಿಕೊಂಡು ನಂಬಿ. ನಾವು ದೋಣಿ ಸಂಸ್ಥೆಯ ಆ್ಯಪಿನಲ್ಲಿ ಅದನ್ನೇ ಹಾಕಿದ್ದೇವೆ.' ಇನ್ನೂರು ಮೆಟ್ಟಿಲು ಏರುವಷ್ಟರಲ್ಲಿ ಇನ್ನೊಂದು: 'ನಾವೂ. ಆಸ್ಪತ್ರೆಯ ಔಷಧಿ ವೇಳೆ ನೆನಪಿಸುವುದಕ್ಕೆ.' ಮತ್ತೊಂದು: 'ನಾವು ಅಡುಗೆ ಅನಿಲ ಸೋರಿಕೆಯ ಎಚ್ಚರಿಕೆಗೆ. ಮೊರೆನಾ ಅವರಿಗೆ ಋಣಿ.'

ಒಂದೊಂದು ಹೊಗಳಿಕೆಗೂ ಅವಳು ಎರಡೆರಡು ಮೆಟ್ಟಿಲು ಹಾರಿದಳು. ಒಬ್ಬ ಬಾರ್ಬ ಎಂದುಕೊಂಡಿದ್ದಳು. ಎಷ್ಟು ಮನೆಗಳಲ್ಲಿ ಎಷ್ಟು ಜನ ಬರೀ ಗಂಟೆ ಕೇಳುತ್ತ ಕೂತಿದ್ದಾರೋ! ದೇವರೇ, ಇವನೊಬ್ಬ ಬದುಕಿರಲಿ, ಉಳಿದದ್ದು ಆಮೇಲೆ, ಎಂದು ಅವಳು ಏದುಸಿರಿನಲ್ಲೇ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಮೂರು ತಿಂಗಳಿಂದ ಅವನ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಕೆಲಸ, ಕೆಲಸ ಎಂದು ಸಂದೇಶ ಕಳಿಸುತ್ತಿದ್ದಳು.

ಬಾಗಿಲು ಲಾಕ್ ಆಗಿತ್ತು. ಬಡಿದಳು. ಕಿವಿಯಿಟ್ಟು ಕೇಳಿದಳು. ಒಳಗೆ ಯಾರೋ ಮಾತಾಡುತ್ತಿದ್ದರು.

ಅವಳಿಗೆ ಜೀವ ಬಂದಂತಾಯಿತು, ಮರುಕ್ಷಣವೇ ಹೋಯಿತು. ಅದು ಮನುಷ್ಯನ ಮಾತಲ್ಲ. ಬಾರ್ತೊಲನ ಫೋನಿನ ಓದುವ ದನಿ, ಕಣ್ಣಿರುವವರಿಗೆ ಒಂದು ಪದವೂ ತಿಳಿಯದ ಅವನ ವೇಗದಲ್ಲಿ, ಪಟಪಟನೆ ಪತ್ರಿಕೆ ಓದುತ್ತಿತ್ತು. ಮನೆ ಬಣಬಣ ಎನ್ನಬಾರದೆಂದು ಅವನು ಬೆಳಗಿನಿಂದ ಸಂಜೆಯವರೆಗೆ ಅದನ್ನು ಓದಿಸುತ್ತಲೇ ಇರುತ್ತಿದ್ದ. ಸೂಚನೆಗೆ ಸರದಿ ಸಿಗುವುದಾದರೂ ಹೇಗೆ? ದನಿ ಓದುತ್ತಿತ್ತು, ಬಡಿದ ಬಾಗಿಲಿಗೆ ಯಾರೂ ಓಗೊಡಲಿಲ್ಲ.

ಪಕ್ಕದ ಮನೆಯ ಫ್ರಾಂಕಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾಕ್ರೀ ಬಾಗಿಲು ಮುರೀತೀರಿ? ಓ, ನೀವಾ! ಈಗ ದಾರಿ ಗೊತ್ತಾಯ್ತೇನು?"

"ಬೀಗದ ಕೈ ಇದೆಯಾ ಫ್ರಾಂಕಾ? ಬೇಗ!"

ಅವಳ ಮುಖ ನೋಡಿ ಫ್ರಾಂಕಾ ಬಾಗಿಲಿನತ್ತ ಓಡಿದಳು. ಬೀಗದ ಕೈ ಅವಳ ಏಪ್ರನ್ ಜೇಬಿನಲ್ಲೇ ಇತ್ತು.

ಬಾರ್ತೊಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ಒದ್ದೆ, ಮುಖ ಸುಣ್ಣ. ಎಡಗೈ ಬನಿಯನ್ ಎತ್ತಿ ಹಿಡಿದಿತ್ತು. ನಡುಗುವ ಬಲಗೈಯಲ್ಲಿ ಮುಚ್ಚಳ ತೆಗೆದ ಇನ್ಸುಲಿನ್ ಪೆನ್ನು, ಸೂಜಿ ಹೊಟ್ಟೆಯಿಂದ ಒಂದು ಗೇಣು ದೂರ.

"ಬಾರ್ಬ, ಬೇಡ! ಇಡಿ ಅದನ್ನ!"

"ಯಾರದು?" ಎಂದ. ನಾಲಿಗೆ ತೊದಲುತ್ತಿತ್ತು. "ಯಾರು ನೀನು? ಮನೆ ಒಳಗೆ ಯಾಕೆ ಬಂದೆ?"

ಮೆಟ್ಟಿಲಿನ ಮೇಲೆ ಹೆಜ್ಜೆ ಬಿದ್ದರೆ ಸಾಕು, ಬಂದವರು ಯಾರು, ಯಾವ ಮನಸ್ಸಿನಲ್ಲಿ ಬಂದರು ಎಂದು ಹೇಳುತ್ತಿದ್ದ ಮನುಷ್ಯ. ಅವಳ ದನಿಯೇ ಅವನಿಗೆ ಗುರುತಾಗುತ್ತಿರಲಿಲ್ಲ.

"ಮೊರೆನಾ, ಬಾರ್ಬ. ನಿಮ್ಮ ಮೊರೆನಾ."

"ಸುಳ್ಳು. ಅವಳೆಲ್ಲಿ ಬರ್ತಾಳೆ." ಅವನು ಪೆನ್ನನ್ನು ಇನ್ನೂ ಹತ್ತಿರ ತಂದ. "ಗಂಟೆ ಹೊಡೀತು. ಏರಿದೆ. ರಾತ್ರಿ ಜೋಳದ ಪಲೆಂಟ ತಿಂದದ್ದು ಜಾಸ್ತಿ ಆಯ್ತು."

ಅವಳು ಅವನ ಮುಂಗೈ ಹಿಡಿದಳು. ಎಪ್ಪತ್ತಾರರ ಮುದುಕನಿಗೆ ಎಲ್ಲಿಂದ ಬಂತೋ ಆ ಬಲ, ಕೊಡವಿ ಹಾಕಿದ. ಕುರ್ಚಿ ಉರುಳಿತು. ಫ್ರಾಂಕಾ ಬಾಗಿಲಲ್ಲಿ ಎರಡೂ ಕೈ ಬಾಯಿಗೆ ಇಟ್ಟುಕೊಂಡು ಕಂಬವಾಗಿದ್ದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಟಣ್ ಎಂದಿತು. ಪರದೆಯ ತುಂಬ ಕೆಂಪು ಅಕ್ಷರ: ಸಕ್ಕರೆ ತೀರಾ ಇಳಿದಿದೆ. ಕೂಡಲೇ ಸಿಹಿ ತಿನ್ನಿ. ಓದುವ ದನಿ ಅದರ ಸುದ್ದಿಗೇ ಹೋಗದೆ ಪತ್ರಿಕೆಯನ್ನು ಪಟಪಟ ಓದುತ್ತಲೇ ಇತ್ತು. ಮೊರೆನಾ ನೋಡುತ್ತಿದ್ದಂತೆಯೇ ಕೆಂಪು ಅಕ್ಷರಗಳು ಅಳಿಸಿಹೋದವು. ಏಳು ವರ್ಷದ ಹಿಂದೆ ಅವಳು ಬರೆದಂತೆಯೇ, ಒಂದು ಚೂರೂ ತಪ್ಪದೆ.

"ನೋಡು, ಮತ್ತೆ ಹೊಡೀತು," ಎಂದ ಬಾರ್ತೊಲ್. "ಏರ್ತಾ ಇದೆ."

ಸೂಜಿ ಹೊಟ್ಟೆಗೆ ತಾಗಿತು. ಏನು ಹೇಳಿದರೆ ಈ ಕೈ ನಿಂತೀತು ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯದೆಯೇ ಬಾಯಿಂದ ಬಂತು, ಎಕ್ಸ್‌ಚೇಂಜಿಗೆ ಫೋನ್ ಮಾಡುವ ದೊಡ್ಡ ಸಾಹೇಬರ ಗತ್ತಿನಲ್ಲಿ: "ಹಲೋ, ಎಕ್ಸ್‌ಚೇಂಜ್! ಅರ್ಜೆಂಟ್ ಕಾಲ್! ಲೈನ್ ಹಿಡೀರಿ!"

ಮೂವತ್ತೊಂದು ವರ್ಷದ ರೂಢಿ. ಬಾರ್ತೊಲನ ಬಲಗೈ ಪೆನ್ನನ್ನು ಮೇಜಿನ ಮೇಲಿಟ್ಟು, ಇಲ್ಲದ ತಂತಿಗಾಗಿ ಗಾಳಿಯಲ್ಲಿ ತಡಕಾಡಿತು. "ಲೈನಲ್ಲಿದ್ದೇನೆ, ಹೇಳಿ," ಎಂದ.

ಮೊರೆನಾ ಪೆನ್ನನ್ನು ಕಿತ್ತು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆದಳು. "ಫ್ರಾಂಕಾ, ಸಕ್ಕರೆ! ಪಾನಕ, ಏನಿದ್ರೂ ತಾ!" ಫ್ರಾಂಕಾ ಎಚ್ಚೆತ್ತು ಓಡಿ, ಮನೆಯಲ್ಲೇ ಮಾಡಿದ ಬಜ್ಗಾ ಹೂವಿನ ಪಾನಕದ ಬಾಟಲಿ ತಂದಳು. ನೀರೂ ಬೆರೆಸದೆ, ಮಗುವಿಗೆ ಕುಡಿಸಿದಂತೆ ಗುಟುಕು ಗುಟುಕಾಗಿ ಕುಡಿಸಿದರು. ಅರ್ಧ ಗಲ್ಲದ ಮೇಲೆ ಸುರಿಯಿತು. ಮೊರೆನಾ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಹತ್ತು ನಿಮಿಷ, ಹದಿನೈದು ನಿಮಿಷ. ಗೋಡೆ ಗಡಿಯಾರವನ್ನು ಅಷ್ಟು ದ್ವೇಷದಿಂದ ಅವಳು ಎಂದೂ ನೋಡಿರಲಿಲ್ಲ.

"ಮೊರೆನಾ," ಎಂದ ಬಾರ್ತೊಲ್ ಕೊನೆಗೆ, ತನ್ನ ಎಂದಿನ ದನಿಯಲ್ಲಿ. "ಕೋಟಿನ ಒಂದೇ ತೋಳು ಹಾಕ್ಕೊಂಡಿದ್ದೀಯಲ್ಲ. ಇನ್ನೊಂದು ನೆಲ ಗುಡಿಸ್ತಾ ಇದೆ, ಶಬ್ದ ಬರ್ತಿದೆ."

ಮೊರೆನಾ ಅಳುತ್ತ ಅವನ ಮುಂದೆ ನೆಲದ ಮೇಲೆ ಕೂತಳು.

ಆಂಬುಲೆನ್ಸಿನವರು ಬಂದರು, ಬೆರಳಿಗೆ ಚುಚ್ಚಿ ನೋಡಿದರು, ಇನ್ನು ಭಯವಿಲ್ಲ ಎಂದರು, ಊಟ ಮಾಡಿ ಅಜ್ಜಾ ಎಂದು ಗದರಿದರು. ಪೆನ್ನು ಚುಚ್ಚಿಕೊಂಡಿದ್ದರೆ ನಾವು ಬರುವ ಅಗತ್ಯವಿರಲಿಲ್ಲ ಎಂದು ಅವರಲ್ಲೊಬ್ಬ ಮೊರೆನಾಗೆ ಮೆಲ್ಲಗೆ ಹೇಳಿದ. ಅವರು ಹೋದ ಮೇಲೆ ಅವಳು ಹೇಳಿದಳು. ಮದುವೆ, ಕಾಡಿಗೆ, ಮೂರು ಮಾತು, ಎಲ್ಲ. ನಡುವೆ ನಿಲ್ಲಿಸಿದರೆ ಮುಂದೆ ಹೇಳಲಾರೆನೆಂದು ಒಂದೇ ಉಸಿರಿಗೆ ಹೇಳಿದಳು.

ಬೈಯಲಿ, ಬೆತ್ತದಿಂದ ಹೊಡೆಯಲಿ ಎಂದು ಅವಳು ಕಾದಳು.

"ನಾನೂ ಓದಿದ್ದೆ ಆ ಉತ್ತರ," ಎಂದ ಅವನು. "ಗಂಟೆ ಕೇಳ್ತಿತ್ತು, ಮಾತು ಕೇಳ್ತಿರಲಿಲ್ಲ. ಕಟ್ಟೆಗೆ ಹೋಗಿ ಹುಡುಕಿದೆ. ನಿನ್ನ ಹೆಸರು, ಕೆಳಗೆ ಕಣ್ಣು ಕಟ್ಟಿ ನೋಡಿದ್ದೇನೆ ಅಂತ. ಮೊರೆನಾ ಕಟ್ಟಿ ನೋಡಿದ್ದಾಳೆ ಅಂದ್ಮೇಲೆ ಮಾತು ಬಂದೇ ಬರುತ್ತೆ, ಪತ್ರಿಕೆ ಓದಿನ ನಡುವೆ ಅದನ್ನ ಹಿಡಿಯೋ ಕಿವಿ ನನಗೇ ಹೋಗ್ತಿದೆ ಅಂದ್ಕೊಂಡೆ. ಮೂರು ತಿಂಗಳಾಯ್ತು."

"ಬಾರ್ಬ..."

"ಕಿವಿ ಡಾಕ್ಟ್ರ ಹತ್ರ ಹೋದೆ. ಸರಿ ಇದೆ ಅಂದ್ರು. ಮುದುಕ ಅಂತ ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊಂಡೆ. ಅವರಿಗಿಂತ ನಿನ್ನ ಮಾತು ದೊಡ್ಡದು ನನಗೆ."

"ಎಷ್ಟು ಹೆದರಿಕೊಂಡಿದ್ರು ಗೊತ್ತಾ?" ಫ್ರಾಂಕಾ ಬಾಗಿಲಿನಿಂದಲೇ ಸಿಡುಕಿದಳು. "ಕಣ್ಣಂತೂ ಇಲ್ಲ, ಕಿವಿಯೂ ಹೋದ್ರೆ ಹೇಗೆ ಅಂತ ದಿನಾ ಸಂಜೆ ಅಂಗೈ ಮೇಲೆ ಅಕ್ಷರ ಬರೆಸ್ಕೊಳ್ಳೋದು ಕಲೀತಿದ್ರು. ನಾನು ಬರೀತಿದ್ದೆ, ಅವರು ಹೇಳ್ತಿದ್ರು. ನಿಮಗೆ ಹೇಳ್ಬೇಡ ಅಂತ ಆಣೆ ಬೇರೆ."

ಮೊರೆನಾಗೆ ಸೂಜಿ ಕಂಡಾಗಲೂ ಇಷ್ಟು ನೋವಾಗಿರಲಿಲ್ಲ.

"ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ," ಎಂದ ಬಾರ್ತೊಲ್. ದನಿಯಲ್ಲಿ ಸಿಟ್ಟಿತ್ತು, ಸರಿಯಾಗಿಯೇ ಇತ್ತು. "ಏಳು. ಅಳೋದು ಆಮೇಲೆ. ಈಗ ಬರಿ. ಕಟ್ಟಿಕೊಂಡು ಬರಿ."

ಫ್ರಾಂಕಾ ಪಾತ್ರೆ ಒರೆಸುವ ಬಟ್ಟೆ ಕೊಟ್ಟಳು. ಈರುಳ್ಳಿ ವಾಸನೆ ಬರುತ್ತಿತ್ತು. ಮೊರೆನಾ ಅದನ್ನು ಕಣ್ಣಿಗೆ ಬಿಗಿದುಕೊಂಡು, ಬಾರ್ತೊಲನ ಫೋನಿನ ವೇಗ ಇಳಿಸಿಕೊಂಡು, ಅದು ಒಂದೊಂದೇ ಅಕ್ಷರ ಉಸುರಿದಂತೆ ಬರೆದಳು. ನನ್ನ, ಅಂದರೆ ಮೊರೆನಾಳ, ಹಳೆಯ ಉತ್ತರ ತಪ್ಪು. ಜೀವಕ್ಕೆ ಸಂಬಂಧಿಸಿದ ಸೂಚನೆ ನಡೆಯುತ್ತಿರುವ ಮಾತನ್ನು ಕತ್ತರಿಸಿಕೊಂಡು ಬರಲೇಬೇಕು, ಕೇಳಿದವರು ಮುಟ್ಟುವವರೆಗೆ ಅಳಿಸಬಾರದು. ಬಳಸಿರುವವರೆಲ್ಲ ಇಂದೇ, ಈ ಗಂಟೆಯೇ ನಿಲ್ಲಿಸಿ ಸರಿಪಡಿಸಿ. ರಿಯೇಕಾದ ವೃದ್ಧರ ಕಿವಿ ಸರಿಯಾಗಿದೆ. ಆ ದಿನ ನಾನು ಕಣ್ಣು ಕಟ್ಟಿರಲಿಲ್ಲ.

ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಒಮ್ಮೆ ಒತ್ತಿದರೆ ಹದಿನೆಂಟು ವರ್ಷದ ಹೆಸರು ಹೋಗುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು: ಯಾವ ಊರಿನಿಂದ ಏನು ಉತ್ತರ ಬರುತ್ತದೋ. ಅವಳು ಒತ್ತಿದಳು.

"ಈಗ ನನ್ನ ವೇಗಕ್ಕೆ ಇಟ್ಟು ಓದಿಸು," ಎಂದ ಬಾರ್ತೊಲ್.

ದನಿ ಓದಿತು. ಮೊರೆನಾಗೆ ಒಣ ಎಲೆ ಗಾಳಿಗೆ ಉರುಳಿದಷ್ಟೇ ಕೇಳಿಸಿತು. ಬಾರ್ತೊಲ್ ತಲೆ ಓರೆ ಮಾಡಿ ಕೇಳಿ, ಆಮೇಲೆ ಇಡೀ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಬಾಯಲ್ಲಿ ಒಪ್ಪಿಸಿದ.

"ಒಂದಕ್ಷರನಾದ್ರೂ ಬಿಟ್ಟೆನಾ?"

"ಇಲ್ಲ ಬಾರ್ಬ. ಒಂದೂ ಬಿಟ್ಟಿಲ್ಲ."

ಅವನು ಎರಡೂ ಅಂಗೈಗಳಿಂದ ಕಿವಿಗಳನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ತೆಗೆದ. ಗಾಳಿಯ ಸದ್ದು, ಫ್ರಾಂಕಾಳ ಉಸಿರು, ಗಡಿಯಾರ. "ನನ್ನ ಕಿವಿ ಇದೆ," ಎಂದ. "ಇದೆ ಕಣೇ ಫ್ರಾಂಕಾ." ಮುದುಕ ಮೂರು ತಿಂಗಳ ಭಯವನ್ನೆಲ್ಲ ಅತ್ತು ಕಳೆದುಕೊಂಡ.

ಫೋನು ಟಣ್ ಎಂದಿತು. ಕಟ್ಟೆಯಿಂದ ಮೊದಲ ಉತ್ತರ. ಬೆನ್ನಿಗೇ ಇನ್ನೊಂದು, ಮತ್ತೊಂದು.

"ಓದಿಸ್ಲಾ?" ಎಂದ ಬಾರ್ತೊಲ್.

ಮೊರೆನಾ ಕಣ್ಣಿನ ಬಟ್ಟೆ ಬಿಚ್ಚಲಿಲ್ಲ. ಕತ್ತಲಲ್ಲೇ ಕೈ ಚಾಚಿ ಅವನ ಕೈ ಹುಡುಕಿ ಹಿಡಿದುಕೊಂಡಳು.

"ಓದಿಸಿ ಬಾರ್ಬ," ಎಂದಳು. "ನಿಧಾನಕ್ಕೆ. ನನಗೂ ಕೇಳಿಸೋ ಹಾಗೆ."